ಕಕ್ಕಿದ ಹಾವಿನ ಮರಿಗೆ ಹದಿನಾಲ್ಕು ದಿನ ಲಂಘನ

ಇಲಿ ತಿನ್ನಿಸಿದ ಮೂರನೆಯ ದಿನ ಬೆಳಿಗ್ಗೆ ಹಾವಿನ ಮರಿಯ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ವಾಸನೆ ಹೊರಗೆ ಬಂದಿತ್ತು. ಹಾವಿನ ಮಲಕ್ಕೂ ವಾಸನೆ ಇದೆ, ಇದು ಅದಲ್ಲ. ಕೊಳೆತದ್ದೂ ಹುಳಿಯೂ ಸೇರಿ, ಕೈ ತೊಳೆದ ಮೇಲೂ ಮೂಗಿನಲ್ಲೇ ಕೂತಿರುವ ವಾಸನೆ. ನೀರಿನ ಬಟ್ಟಲ ಪಕ್ಕದಲ್ಲಿ ಬೂದು ಬಣ್ಣದ ಮುದ್ದೆಯೊಂದು ಬಿದ್ದಿತ್ತು. ತಲೆಯ ಕಡೆ ಕರಗಿ ಚರ್ಮ ಜಾರಿಹೋಗಿದೆ, ಹಿಂಗಾಲು ಮತ್ತು ಬಾಲ ನುಂಗಿದ ದಿನ ಇದ್ದ ಹಾಗೇ ಇವೆ, ಮೇಲೆಲ್ಲ ಅಂಟು ಲೋಳೆ. ಹಾವು ಇಲಿಯನ್ನು ತಲೆಯಿಂದ ನುಂಗುತ್ತದೆ, ಹಾಗಾಗಿ ಜಠರರಸಕ್ಕೆ ಮೊದಲು ಸಿಗುವುದು ತಲೆ. ಎಷ್ಟು ಭಾಗ ಕರಗಿದೆ ಎಂದು ನೋಡಿದರೆ ಜೀರ್ಣಕ್ರಿಯೆ ಎಲ್ಲಿಗೆ ಬಂದು ನಿಂತಿತು ಎಂಬುದು ತಿಳಿಯುತ್ತದೆ. ಇಲ್ಲಿ ಅದು ಶುರುವಾಗಿ ಅರ್ಧದಲ್ಲೇ ಸೋತಿತ್ತು.

ಮರಿಗೆ ಐದು ತಿಂಗಳು, ತೂಕ 13.4 ಗ್ರಾಂ, ಮೈ ಪೆನ್ಸಿಲಿಗಿಂತ ಸಪೂರ. ಇದು ಕಾರ್ನ್ ಸ್ನೇಕ್, ಅಮೆರಿಕದ ಆಗ್ನೇಯ ಭಾಗದ ವಿಷವಿಲ್ಲದ ಹಾವು. ನ್ಯೂಜೆರ್ಸಿಯ ಪೈನ್ ಕಾಡುಗಳಿಂದ ಫ್ಲಾರಿಡಾದ ತುದಿಯವರೆಗೆ ಸಿಗುತ್ತದೆ. ನಮ್ಮ ಕೆರೆಹಾವಿನ ಹಾಗೆ ಇಲಿಯ ಮೇಲೆ ಬದುಕುವ ಜಾತಿ. 1766ರಲ್ಲಿ ಲಿನೇಯಸ್ ಇದಕ್ಕೆ ಹೆಸರಿಟ್ಟ. ಈಗಿನ ಶಾಸ್ತ್ರೀಯ ಹೆಸರು ಪ್ಯಾಂಥೆರೋಫಿಸ್ ಗಟ್ಟೇಟಸ್. ಹೊಟ್ಟೆಯಡಿಯ ಕಪ್ಪು-ಬಿಳಿ ಚೌಕಗಳು ಬಣ್ಣದ ಮುಸುಕಿನಜೋಳದ ತೆನೆಯಂತಿವೆ, ಅದಕ್ಕೇ ಆ ಹೆಸರು ಎನ್ನುತ್ತಾರೆ; ಜೋಳದ ಕಣಜದಲ್ಲಿ ಇಲಿ ಹುಡುಕುತ್ತ ಸಿಗುತ್ತಿದ್ದುದರಿಂದ ಎನ್ನುವವರೂ ಇದ್ದಾರೆ. ಸಾಕಲು ಸುಲಭವಾದ ಹಾವೆಂದೇ ಇದರ ಖ್ಯಾತಿ. ಆ ಖ್ಯಾತಿ ದೊಡ್ಡ ಹಾವಿಗೆ ಸರಿ. ಮರಿಯ ಹೊಟ್ಟೆ ಒಮ್ಮೆ ಕೆಟ್ಟರೆ ಅದನ್ನು ಸರಿಮಾಡುವುದು ಸುಲಭದ ಕೆಲಸವಲ್ಲ.

ಕಾರಣ ಹುಡುಕುವ ಮೊದಲೇ ಒಂದು ದೊಡ್ಡ ತಪ್ಪು ನಡೆದುಹೋಯಿತು. ಹೊಟ್ಟೆ ಖಾಲಿಯಾಗಿದೆ, ಮರಿ ಚುರುಕಾಗಿದೆ, ಕಡ್ಡಿ ತೋರಿಸಿದರೆ ನಾಲಿಗೆ ಚಾಚುತ್ತದೆ ಎಂದು ಕಕ್ಕಿದ ಐದನೆಯ ದಿನಕ್ಕೇ ಒಂದು ಪಿಂಕಿ ಕೊಟ್ಟೆವು. ಪಿಂಕಿ ಎಂದರೆ ಒಂದೆರಡು ದಿನದ, ಇನ್ನೂ ಕೂದಲು ಬಾರದ ಇಲಿಮರಿ. ಮರಿಹಾವು ಆಸೆಯಿಂದಲೇ ನುಂಗಿತು. ಎರಡು ದಿನಕ್ಕೆ ಅದೂ ಹೊರಗೆ ಬಂತು. ಅಂದು ತೂಗಿದಾಗ 11.9 ಗ್ರಾಂ. ಒಂದೂವರೆ ಗ್ರಾಂ ಎಂದರೆ ಕೇಳಲು ಏನೂ ಅಲ್ಲ. ಮರಿಯ ಮೈತೂಕದಲ್ಲಿ ಅದು ನೂರಕ್ಕೆ ಹನ್ನೊಂದು ಪಾಲು.

ಹಾವಿಗೆ ಹಸಿವು ಇರುವುದೂ ಹೊಟ್ಟೆ ಸಿದ್ಧವಾಗಿರುವುದೂ ಬೇರೆ ಬೇರೆ. ಕಕ್ಕುವಾಗ ಜಠರದ ಆಮ್ಲ, ಜೀರ್ಣಕ್ಕೆ ಬೇಕಾದ ಕಿಣ್ವಗಳು, ಲವಣ, ನೀರು ಎಲ್ಲ ಇಲಿಯ ಜೊತೆಗೇ ಹೊರಗೆ ಹೋಗುತ್ತವೆ. ಆಮ್ಲ ಬರುವ ದಾರಿಯಲ್ಲಿ ಅನ್ನನಾಳವನ್ನು ಸುಡುತ್ತದೆ. ಹಾವಿನ ಅನ್ನನಾಳ ಮೈಯ ಮೊದಲ ಮೂರನೇ ಒಂದು ಭಾಗದಷ್ಟು ಉದ್ದ ಇರುವುದರಿಂದ ಸುಡುವ ಜಾಗವೂ ಉದ್ದವೇ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳ ಸಮತೋಲವೂ ತಪ್ಪುತ್ತದೆ. ಹೊಟ್ಟೆಯ ಒಳಪದರ ಮಾಯ್ದು, ರಸ ಮತ್ತೆ ಊರಿ, ಎಲ್ಲ ಮೊದಲಿನಂತಾಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅದಕ್ಕೆ ಮೊದಲು ಆಹಾರ ಹೋದರೆ ಕರಗಿಸುವ ರಸವಿಲ್ಲದೆ ಒಳಗೇ ಕೊಳೆಯುತ್ತದೆ, ಗಾಳಿ ತುಂಬುತ್ತದೆ, ಹಾವು ಮತ್ತೆ ಕಕ್ಕುತ್ತದೆ. ಮೊದಲ ಸಲಕ್ಕಿಂತ ಎರಡನೆಯದು, ಎರಡನೆಯದಕ್ಕಿಂತ ಮೂರನೆಯದು ಹೆಚ್ಚು ಹಾನಿಕರ. ಹೀಗೆ ಸಾಯುವ ಮರಿಗಳಲ್ಲಿ ಹೆಚ್ಚಿನವು ಉಪವಾಸದಿಂದ ಸಾಯುವುದಿಲ್ಲ, ಮೇಲಿಂದ ಮೇಲೆ ತಿನ್ನಿಸಿದ್ದರಿಂದ ಸಾಯುತ್ತವೆ.

ನಮ್ಮಲ್ಲಿ ಲಂಘನಂ ಪರಮೌಷಧಂ ಎನ್ನುತ್ತಾರಲ್ಲ, ಅದು ಅಕ್ಷರಶಃ ಇಲ್ಲಿಗೆ ಹೊಂದುತ್ತದೆ. ಜ್ವರ ಬಿಟ್ಟವರಿಗೆ ಮೊದಲು ಗಂಜಿ, ಆಮೇಲೆ ಮೆತ್ತನೆಯ ಅನ್ನ, ಕೊನೆಗೆ ಮುದ್ದೆ ಕೊಡುವ ಕ್ರಮವೇ ಹಾವಿಗೂ. ಗಂಜಿಯ ಜಾಗದಲ್ಲಿ ಅರ್ಧ ಪಿಂಕಿ, ಅಷ್ಟೇ ವ್ಯತ್ಯಾಸ.

ಎರಡನೆಯ ಸಲ ಕಕ್ಕಿದ ದಿನವನ್ನು ಸೊನ್ನೆ ಎಂದು ಇಟ್ಟುಕೊಂಡು ಲೆಕ್ಕ ಶುರುಮಾಡಿದೆವು. ಅಂದು ಮಾಡಿದ ಮೊದಲ ಕೆಲಸ, ಕಕ್ಕಿದ್ದನ್ನು ಎಸೆಯದೆ ಜಿಪ್ ಚೀಲದಲ್ಲಿ ಹಾಕಿ ಫ್ರಿಜ್ಜಿನ ಕೆಳಭಾಗದಲ್ಲಿ ಇಟ್ಟದ್ದು. ಫ್ರೀಜರಿನಲ್ಲಿ ಅಲ್ಲ, ಹೆಪ್ಪುಗಟ್ಟಿದರೆ ಪರಾವಲಂಬಿಗಳ ಮೊಟ್ಟೆ ಸೂಕ್ಷ್ಮದರ್ಶಕದಲ್ಲಿ ಗುರುತು ಸಿಗದಂತೆ ಆಗಬಹುದು. ಇಪ್ಪತ್ನಾಲ್ಕು ಗಂಟೆಯೊಳಗೆ ಸರೀಸೃಪ ನೋಡುವ ಪಶುವೈದ್ಯರಿಗೆ ತಲುಪಿಸಬೇಕು. ಈ ಮಾದರಿ ಬಹಳ ಬೆಲೆಯದು. ಅದು ನೇರ ಜಠರದಿಂದ ಬಂದದ್ದು, ಮಲದಲ್ಲಿ ಕಾಣದ್ದು ಇದರಲ್ಲಿ ಕಾಣಬಹುದು. ಫ್ರಿಜ್ಜಿನಲ್ಲಿ ಇಲಿಗೂ ಇದಕ್ಕೂ ಬೇರೆಯೇ ಮುಚ್ಚಳದ ಡಬ್ಬಿ ಇರಲಿ. ಸಸ್ಯಾಹಾರಿ ಮನೆಯಾದರೆ ಗ್ಯಾರೇಜಿನಲ್ಲಿ ಪುಟ್ಟ ಫ್ರೀಜರ್ ಇಡುವುದು ಎಲ್ಲರಿಗೂ ನೆಮ್ಮದಿ, ಆರೋಗ್ಯಕ್ಕೂ ಅದೇ ಸರಿ.

ಆಮೇಲೆ ಕಾರಣ ಹುಡುಕಾಟ. ಮೊದಲನೆಯದು ಕಣ್ಣೆದುರಿಗೇ ಇತ್ತು: ತುತ್ತಿನ ಗಾತ್ರ. ಮರಿ ಜೋರಾಗಿ ತಿನ್ನುತ್ತಿದೆ ಎಂದು ಪಿಂಕಿಯಿಂದ ಫಜ್ಜಿಗೆ, ಅಂದರೆ ಮೈಮೇಲೆ ನವಿರು ಕೂದಲು ಬಂದ ಇಲಿಮರಿಗೆ, ಬೇಗ ಬಡ್ತಿ ಕೊಟ್ಟಿದ್ದಾಯಿತು. ಆ ಫಜ್ಜಿ 3.8 ಗ್ರಾಂ. 13.4 ಗ್ರಾಂ ಮರಿಗೆ ಅದು ಮೈತೂಕದ ನೂರಕ್ಕೆ ಇಪ್ಪತ್ತೆಂಟು. ಇರಬೇಕಾದದ್ದು ಹತ್ತರಿಂದ ಹದಿನೈದು, ಅಂದರೆ 1.3ರಿಂದ 2 ಗ್ರಾಂ. ಕಣ್ಣಳತೆಯಲ್ಲಿ ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಒಂದೂವರೆ ಪಟ್ಟು ಮೀರಬಾರದು ಎನ್ನುತ್ತಾರೆ, ಆದರೆ ಕಣ್ಣಳತೆ ಮರಿಗಳ ವಿಷಯದಲ್ಲಿ ಮೋಸ ಮಾಡುತ್ತದೆ. 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಇರಲೇಬೇಕು. ಹಾವನ್ನೂ ತೂಗಿ, ಇಲಿಯನ್ನೂ ತೂಗಿ.

ಎರಡನೆಯ ಕಾರಣ ಸಿಗಲು ಅರ್ಧ ದಿನ ಹಿಡಿಯಿತು, ಅದೇ ಹೆಚ್ಚು ಮುಖ್ಯದ್ದು. ಡಬ್ಬಿಯಡಿ ಇಟ್ಟ ಹೀಟ್ ಮ್ಯಾಟಿನ, ಅಂದರೆ ವಿದ್ಯುತ್ತಿನಿಂದ ಬಿಸಿಯಾಗುವ ಹಾಸಿನ, ಬಿಸಿ ನಿಯಂತ್ರಿಸುವ ಥರ್ಮೋಸ್ಟಾಟ್ 31 ಡಿಗ್ರಿ ತೋರಿಸುತ್ತಿತ್ತು. ಎಲ್ಲ ಸರಿ ಎಂದುಕೊಳ್ಳುವುದಕ್ಕೆ ಆ ಅಂಕಿಯೇ ಸಾಕಾಗಿತ್ತು. ಆದರೆ ಅದರ ಪ್ರೋಬ್, ಅಂದರೆ ಬಿಸಿ ಅಳೆಯುವ ತುದಿ, ಇದ್ದದ್ದು ಮ್ಯಾಟಿನ ಮೇಲೆ, ಡಬ್ಬಿಯ ಹೊರಗೆ. ಡಬ್ಬಿಯ ತಳದಲ್ಲಿ ಸುತ್ತಲೂ ಒಂದು ಸಣ್ಣ ಏಣು; ಅದರಿಂದ ಮ್ಯಾಟಿಗೂ ತಳಕ್ಕೂ ನಡುವೆ ಮೂರು ನಾಲ್ಕು ಮಿಲಿಮೀಟರ್ ಗಾಳಿ. ಒಳಗೆ ದಪ್ಪಗೆ ಹಾಸಿದ ಆಸ್ಪೆನ್ ಮರದ ಹೆರೆ. ಬೇರೊಂದು ಥರ್ಮಾಮೀಟರಿನ ಪ್ರೋಬನ್ನು ಹಾವು ಕೂರುವ ಗೂಡಿನೊಳಗೇ ಇಟ್ಟು ನೋಡಿದರೆ ಹಗಲಲ್ಲಿ 25, ಮನೆಯ ಹೀಟರ್ ತಗ್ಗಿಸುವ ರಾತ್ರಿಯಲ್ಲಿ 23. ಹೊರಗೆ ಅಮೆರಿಕದ ಡೆಟ್ರಾಯಿಟ್ ಕಡೆಯ ಜನವರಿ. ಅಂಥ ಚಳಿಯಲ್ಲಿ ಕೋಣೆಯೇ 18 ಡಿಗ್ರಿಗೆ ಇಳಿದಾಗ ಇಷ್ಟು ಸಣ್ಣ ಮ್ಯಾಟ್ ಏನೂ ಮಾಡಲಾರದು.

ಹಾವಿನ ಹೊಟ್ಟೆಗೆ ಸ್ವಂತ ಬಿಸಿ ಇಲ್ಲ. ನುಂಗಿದ ಇಲಿ ಒಳಗಿನಿಂದ ಕೊಳೆಯಲು ಶುರುವಾಗುತ್ತದೆ, ಜಠರ ಹೊರಗಿನಿಂದ ಕರಗಿಸಲು ಶುರುಮಾಡುತ್ತದೆ. ಇದು ಓಟದ ಪಂದ್ಯ. 29, 30 ಡಿಗ್ರಿಯಲ್ಲಿ ಜಠರ ಗೆಲ್ಲುತ್ತದೆ. 24ರಲ್ಲಿ, ಅದರಲ್ಲೂ ಇಲಿ ದಪ್ಪವಾಗಿದ್ದರೆ, ಕೊಳೆತವೇ ಮುಂದಾಗುತ್ತದೆ. ಆಗ ಕಕ್ಕುವುದೇ ಹಾವಿಗಿರುವ ರಕ್ಷಣೆ. ದೊಡ್ಡ ತುತ್ತು ಒಂದೇ ಆಗಿದ್ದರೂ, ತಂಪು ಒಂದೇ ಆಗಿದ್ದರೂ ಮರಿ ಪ್ರಾಯಶಃ ದಾಟಿಬಿಡುತ್ತಿತ್ತು. ಎರಡೂ ಸೇರಿದ್ದರಿಂದ ಸೋತಿತು.

ಬೇರೆ ಕಾರಣಗಳೂ ಇವೆ, ಪ್ರತಿಯೊಂದನ್ನೂ ತೆಗೆದುಹಾಕುತ್ತ ಬಂದೆವು. ತಿಂದ ಮೇಲೆ ನಲವತ್ತೆಂಟು ಗಂಟೆಯೊಳಗೆ ಕೈಗೆತ್ತಿಕೊಳ್ಳುವುದು ಬಹಳ ಸಾಮಾನ್ಯ ಕಾರಣ. ಊರಿನಲ್ಲಿ ಮನೆ ಹೊಕ್ಕ ನಾಗರಹಾವನ್ನು ಹಿಡಿಯುವಾಗ ಅದು ನುಂಗಿದ ಕಪ್ಪೆಯನ್ನೋ ಕೋಳಿಮೊಟ್ಟೆಯನ್ನೋ ಕಕ್ಕುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಹೊಟ್ಟೆ ಭಾರವಾಗಿದ್ದರೆ ಓಡಲಾಗದು, ಹೆದರಿದ ಹಾವು ಭಾರ ಇಳಿಸಿಕೊಳ್ಳುತ್ತದೆ. ಇಲಿಯ ಒಳಭಾಗ ಇನ್ನೂ ಹೆಪ್ಪುಗಟ್ಟಿರುವುದು, ಕರಗಿಸಿದ ಇಲಿಯನ್ನು ಮತ್ತೆ ಫ್ರೀಜ್ ಮಾಡಿ ಕೊಡುವುದು, ಕುಡಿಯಲು ನೀರಿಲ್ಲದೆ ಮೈ ಒಣಗಿರುವುದು, ಅಡಗಲು ಗೂಡಿಲ್ಲದೆ ಸದಾ ಬೆದರಿರುವುದು, ಅತಿಯಾದ ಬಿಸಿ, ಹೊಸದಾಗಿ ಮನೆಗೆ ತಂದ ದಿನವೇ ತಿನ್ನಿಸುವುದು. ಇವೆಲ್ಲ ನಾವೇ ತಿದ್ದಬಹುದಾದವು. ನಾವೇ ತಿದ್ದಲಾಗದ್ದು ಕೊನೆಯಲ್ಲಿ ಬರುತ್ತದೆ: ಹುಳು, ಏಕಕೋಶ ಜೀವಿಗಳು, ಬ್ಯಾಕ್ಟೀರಿಯಾ ಸೋಂಕು, ಮತ್ತು ಕ್ರಿಪ್ಟೋ.

ಕ್ರಿಪ್ಟೋ, ಅಂದರೆ ಕ್ರಿಪ್ಟೋಸ್ಪೋರಿಡಿಯಂ ಸರ್ಪೆಂಟಿಸ್ ಎಂಬ ಏಕಕೋಶ ಪರಾವಲಂಬಿ, ಹಾವು ಸಾಕುವವರು ಎಲ್ಲಕ್ಕಿಂತ ಹೆಚ್ಚು ಹೆದರುವ ಹೆಸರು. ಅದು ಜಠರದ ಗೋಡೆಯನ್ನು ದಪ್ಪಗಾಗಿಸುತ್ತದೆ. ಹಾವಿನ ಮೈ ನಡುವಿನಲ್ಲಿ, ಏನೂ ತಿನ್ನದಿದ್ದರೂ, ಇಲಿ ನುಂಗಿದಂತೆ ಉಬ್ಬು ಉಳಿದುಬಿಡುತ್ತದೆ, ಹಾವು ಕಕ್ಕುತ್ತ ಕಕ್ಕುತ್ತ ಬಡವಾಗುತ್ತದೆ. ಖಚಿತವಾಗಿ ಗುಣಮಾಡುವ ಔಷಧಿ ಇಲ್ಲ. ಮಲದಲ್ಲಿ ಅದು ಎಲ್ಲ ದಿನವೂ ಬೀಳುವುದಿಲ್ಲ, ಆದ್ದರಿಂದ ಒಮ್ಮೆ ಇಲ್ಲ ಎಂದು ಬಂದ ಮಾತ್ರಕ್ಕೆ ಇಲ್ಲ ಎಂದಾಗುವುದಿಲ್ಲ. ನಮ್ಮ ಮರಿಯ ಕಕ್ಕಿದ ಮಾದರಿಗೆ ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ, ಮಲಕ್ಕೆ ಹುಳುವಿನ ಮೊಟ್ಟೆ ತೇಲಿಸಿ ನೋಡುವ ಪರೀಕ್ಷೆ ಮತ್ತು ಗಾಜಿನ ಮೇಲೆ ನೇರ ಸವರಿ ನೋಡುವ ಪರೀಕ್ಷೆ ಮಾಡಿಸಿದೆವು. ಎಲ್ಲದರಲ್ಲೂ ಏನೂ ಸಿಗಲಿಲ್ಲ. ಕೆಲವು ವಾರ ಬಿಟ್ಟು ಪಿಸಿಆರ್ ಇನ್ನೊಮ್ಮೆ ಮಾಡಿಸಿದೆವು, ಆಗಲೂ ಸಿಗಲಿಲ್ಲ. ಅಲ್ಲಿಯವರೆಗೆ ಮರಿ ಬೇರೆ ಕೋಣೆಯಲ್ಲಿ, ಅದರ ಇಕ್ಕಳ ಬೇರೆ, ಬಟ್ಟಲು ಬೇರೆ, ಮನೆಯ ಇನ್ನೊಂದು ಹಾವಿನ ಕೆಲಸ ಮುಗಿದ ಮೇಲೆಯೇ ಇದರ ಕೆಲಸ. ಬ್ಲೀಚಿಗೆ ಕ್ರಿಪ್ಟೋ ಬಗ್ಗುವುದಿಲ್ಲ. ಡಬ್ಬಿಯನ್ನು ಸೋಪು ನೀರಿನಲ್ಲಿ ಉಜ್ಜಿ, 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಸುರಿದು ಅರ್ಧ ಗಂಟೆ ಬಿಟ್ಟು, ತೊಳೆದು, ಪೂರ್ತಿ ಒಣಗಿಸಿದೆವು. ಅಮೋನಿಯಾವನ್ನೂ ಕೆಲವರು ಬಳಸುತ್ತಾರೆ. ಅದನ್ನು ಬ್ಲೀಚಿನ ಜೊತೆ ಎಂದೂ ಬೆರೆಸಬಾರದು, ಏಳುವ ವಿಷಗಾಳಿ ಮನುಷ್ಯರನ್ನೇ ಆಸ್ಪತ್ರೆಗೆ ಕಳಿಸುತ್ತದೆ.

ಔಷಧಿಯ ಬಗ್ಗೆ ಒಂದು ಮಾತು. ಹಾವು ಕಕ್ಕಿತು ಎಂದ ಕೂಡಲೇ ಮೆಟ್ರೊನಿಡಜೋಲ್ ಕೊಡಿ ಎಂದು ಹೇಳುವವರು ಎಲ್ಲೆಡೆ ಸಿಗುತ್ತಾರೆ. ಪರೀಕ್ಷೆಯಲ್ಲಿ ಏಕಕೋಶ ಜೀವಿಗಳು ಸಿಕ್ಕಿದರೆ ವೈದ್ಯರು ತೂಕ ನೋಡಿ ಕೊಡುವ ಔಷಧಿ ಅದು. ಪ್ರಮಾಣ ಹೆಚ್ಚಾದರೆ ನರಗಳಿಗೆ ಏಟು ಬೀಳುತ್ತದೆ, ಹಾವು ತಲೆ ನೆಟ್ಟಗೆ ಹಿಡಿಯಲಾರದೆ ಉರುಳಾಡುತ್ತದೆ. ಹನ್ನೆರಡು ಗ್ರಾಂ ಮರಿಗೆ ಒಂದು ಹನಿಯ ವ್ಯತ್ಯಾಸವೂ ಬಹಳ ದೊಡ್ಡದು. ಅಂದಾಜಿನಲ್ಲಿ ಕೊಡಬೇಡಿ.

ಇನ್ನು ಡಬ್ಬಿ. ಲಂಘನದ ಕಾಲಕ್ಕೆ ಶೂ ಡಬ್ಬಿಯಷ್ಟು, ಸುಮಾರು 35 ಸೆಂಟಿಮೀಟರ್ ಉದ್ದದ ಪ್ಲಾಸ್ಟಿಕ್ ಡಬ್ಬಿಗೆ ಬದಲಾಯಿಸಿದೆವು. ತಳ ಚಪ್ಪಟೆ ಇರುವುದನ್ನೇ ಆರಿಸಿ, ಹೀಟ್ ಮ್ಯಾಟ್ ತಳದ ಮೂರನೇ ಒಂದು ಭಾಗಕ್ಕೆ ತಾಗಿಕೊಂಡು ಕೂರುವಂತೆ ಇಟ್ಟೆವು. ಒಳಗೆ ಆಸ್ಪೆನ್ ಇಲ್ಲ, ಎರಡು ಪದರ ಬಿಳಿಯ ಪೇಪರ್ ಟವೆಲ್ ಮಾತ್ರ. ಬಿಳಿಯ ಮೇಲೆ ಲೋಳೆಯ ಒಂದು ಕಲೆ ಬಿದ್ದರೂ ಕಾಣುತ್ತದೆ, ಮಲ ಯಾವಾಗ ಬಂತು ಎಂಬುದೂ ಗೊತ್ತಾಗುತ್ತದೆ. ಬಿಸಿಯ ಕಡೆ ಒಂದು, ತಂಪಿನ ಕಡೆ ಒಂದು, ಒಂದೇ ಥರದ ಎರಡು ಗೂಡು. ಎರಡೂ ಒಂದೇ ಥರ ಇರಬೇಕು. ಇಲ್ಲದಿದ್ದರೆ ಹಾವು ಇಷ್ಟದ ಗೂಡಿಗಾಗಿ ಬೇಕಾದ ಬಿಸಿಯನ್ನು ಬಿಟ್ಟುಕೊಡುತ್ತದೆ. ಖಾಲಿ ಡಬ್ಬಿ ಬೆದರಿಸುತ್ತದೆ ಎಂದು ಉಳಿದ ಜಾಗದಲ್ಲಿ ಮುದುಡಿದ ಪೇಪರ್ ಟವೆಲ್ ತುಂಬಿದೆವು, ಮೂರು ಕಡೆ ಹೊರಗಿನಿಂದ ಕಾಗದ ಅಂಟಿಸಿದೆವು.

ಬಿಸಿ ಗೂಡಿನ ನೆಲ 29ರಿಂದ 30 ಡಿಗ್ರಿ, ಅಂದರೆ ಅಮೆರಿಕದ ಅಳತೆಯಲ್ಲಿ 84ರಿಂದ 86; ತಂಪಿನ ಕಡೆ 23ರಿಂದ 24. ಇದನ್ನು ತರುವ ಬಗೆ ಹೀಗೆ: ಥರ್ಮೋಸ್ಟಾಟಿನ ಪ್ರೋಬ್ ಹೊರಗೇ, ಮ್ಯಾಟಿಗೂ ಡಬ್ಬಿಗೂ ನಡುವೆ ಇರಲಿ. ಒಳಗೆ ಇಟ್ಟರೆ ಹಾವು ಸರಿಸಿಬಿಡುತ್ತದೆ ಅಥವಾ ನೀರು ಚೆಲ್ಲಿ ಒದ್ದೆಯಾಗುತ್ತದೆ. ಪ್ರೋಬಿಗೆ ತಣ್ಣಗಾದಂತೆ ಅನ್ನಿಸಿ ಮ್ಯಾಟ್ ನಿಲ್ಲದೆ ಬಿಸಿಯಾಗುತ್ತಲೇ ಹೋಗುತ್ತದೆ, ಹಾವಿನ ಹೊಟ್ಟೆ ಸುಟ್ಟುಹೋಗುತ್ತದೆ. ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ 40 ಡಿಗ್ರಿ ದಾಟಬಲ್ಲದು. ಒಳಗೆ, ಬಿಸಿ ಗೂಡಿನ ನೆಲದ ಮೇಲೆ, ಇನ್ನೊಂದು ಥರ್ಮಾಮೀಟರಿನ ಪ್ರೋಬ್ ಅಂಟಿಸಿ ಅದರ ಅಂಕಿ ನೋಡುತ್ತ ಹೊರಗಿನ ಥರ್ಮೋಸ್ಟಾಟನ್ನು ಒಂದೊಂದೇ ಡಿಗ್ರಿ ಏರಿಸಬೇಕು. ಪ್ರತಿ ಏರಿಕೆಗೂ ಎರಡು ಗಂಟೆ ಬಿಡಬೇಕು. ನಮಗೆ ಹೊರಗೆ 33 ಇಟ್ಟಾಗ ಒಳಗೆ 30 ಬಂತು. ಟೇಪನ್ನು ಡಬ್ಬಿಯೊಳಗೆ ತೆರೆದಂತೆ ಬಿಡಬೇಡಿ, ಹಾವಿನ ಮೈಗೆ ಅಂಟಿಕೊಂಡರೆ ಚರ್ಮ ಕಿತ್ತುಬರುತ್ತದೆ. ಪೇಪರ್ ಟವೆಲಿನ ಕೆಳಗೆ ಅಡಗಿರಲಿ. ಚಳಿಯ ಕೋಣೆಯನ್ನೂ 22ಕ್ಕಿಂತ ಕೆಳಗೆ ಇಳಿಯಲು ಬಿಡಲಿಲ್ಲ.

ನೀರು ದಿನಾ ಬದಲು. ತಂಪಿನ ಕಡೆಯ ಮೂಲೆಯಲ್ಲಿ, ಬದಿಯಲ್ಲಿ ತೂತು ಕೊರೆದ ಪುಟ್ಟ ಡಬ್ಬಿಯೊಳಗೆ ಹಿಂಡಿದ ಒದ್ದೆ ಸ್ಫ್ಯಾಗ್ನಮ್ ಪಾಚಿ. ಎರಡನೆಯ ದಿನ ಮರಿಯ ಪಕ್ಕೆಯ ಚರ್ಮದಲ್ಲಿ ಉದ್ದನೆಯ ಸುಕ್ಕು ಕಂಡಿತು, ಮೃದುವಾಗಿ ಎಳೆದರೆ ಮಡಿಕೆ ತಟ್ಟನೆ ಇಳಿಯಲಿಲ್ಲ. ನೀರು ಕಡಿಮೆಯಾದ ಗುರುತು ಇದು. 28 ಡಿಗ್ರಿಯ ನೀರನ್ನು ಹಾವಿನ ಮೈಯ ಅರ್ಧ ಎತ್ತರದಷ್ಟು ಮಾತ್ರ ಮುಚ್ಚಳವಿರುವ ಡಬ್ಬಿಗೆ ಹಾಕಿ ಹದಿನೈದು ನಿಮಿಷ ಬಿಟ್ಟೆವು, ಪಕ್ಕದಲ್ಲೇ ಕೂತು. ಮೊದಲೈದು ನಿಮಿಷ ಸುತ್ತಿ ಸುತ್ತಿ ದಾರಿ ಹುಡುಕಿತು. ಆಮೇಲೆ ನಿಂತು, ಮೂತಿ ನೀರಿಗೆ ತಾಗಿಸಿತು. ಗಂಟಲ ಅಡಿಯ ತೆಳು ಚರ್ಮ ಒಳಗೆ ಹೊರಗೆ, ಒಳಗೆ ಹೊರಗೆ ಹೋಗುವುದು ಕಾಣುತ್ತಿತ್ತು. ಮೂವತ್ತು ನಲವತ್ತು ಗುಟುಕು ಇರಬಹುದು. ಆ ಒಂದು ಸಲ ಬಿಟ್ಟರೆ ಹದಿನಾಲ್ಕು ದಿನವೂ ಮುಟ್ಟಿದ್ದು ತೂಗಲು ಮಾತ್ರ, ಅದೂ ಏಳನೆಯ ಮತ್ತು ಹದಿನಾಲ್ಕನೆಯ ದಿನ: 11.7, 11.6.

ಈ ಅಂಕಿಗಳೇ ಧೈರ್ಯ ಕೊಡುವುದು. ಎರಡು ವಾರ ಏನೂ ತಿನ್ನದ ಮರಿ ಕಳೆದುಕೊಂಡದ್ದು 0.3 ಗ್ರಾಂ. ಎರಡು ಸಲ ಕಕ್ಕಿದ ಹತ್ತು ದಿನದಲ್ಲಿ ಅದರ ಐದು ಪಟ್ಟು ಹೋಗಿತ್ತು. ಪಾಪ, ಹಸಿದಿರುತ್ತದೆ, ಏನಾದರೂ ಕೊಡಿ ಎಂದು ಮನೆಯಲ್ಲಿ ಯಾರಾದರೂ ಅಂದರೆ ಈ ಎರಡು ಅಂಕಿಗಳನ್ನು ಮುಂದಿಡಿ.

ಹದಿನಾಲ್ಕನೆಯ ದಿನ ಮೊದಲ ತುತ್ತು. ಮೈತೂಕದ ನೂರಕ್ಕೆ ಐದರಷ್ಟು, ಅಂದರೆ 0.6 ಗ್ರಾಂ ಬೇಕು. ಅಷ್ಟು ಸಣ್ಣ ಪಿಂಕಿ ಹುಟ್ಟಿದ ದಿನದ್ದೂ ಇರುವುದಿಲ್ಲ, ಹಾಗಾಗಿ 1.3 ಗ್ರಾಂ ಪಿಂಕಿಯನ್ನು ಅರ್ಧ ಮಾಡಬೇಕು. ಇನ್ನೂ ಗಟ್ಟಿಯಾಗಿರುವಾಗಲೇ ಹರಿತ ಬ್ಲೇಡಿನಲ್ಲಿ ಕತ್ತರಿಸಿದರೆ ಒಂದೇ ಏಟಿಗೆ ಚೊಕ್ಕವಾಗಿ ಬರುತ್ತದೆ. ಕರಗಿದ ಮೇಲೆ ಕತ್ತರಿಸಲು ಹೋದರೆ ಎಲ್ಲ ಹೊರಗೆ ಬಂದು ರಂಪವಾಗುತ್ತದೆ. ತಲೆಯ ಕಡೆಯ ಅರ್ಧವನ್ನು ಹಾವು ಬೇಗ ಹಿಡಿಯುತ್ತದೆ. ಬೆನ್ನಿನ ಮೇಲೆ ಅಡ್ಡಡ್ಡಲಾಗಿ ಎರಡು ಮೂರು ಮೇಲ್ಮೇಲಿನ ಗೀರು ಹಾಕಿ. ಜಠರರಸ ಚರ್ಮ ಕರಗುವವರೆಗೆ ಕಾಯದೆ ನೇರ ಒಳಗಿಳಿಯುತ್ತದೆ. ಇದು ಸಣ್ಣ ಕೆಲಸ, ಆದರೆ ದುರ್ಬಲ ಹೊಟ್ಟೆಗೆ ಬಹಳ ನೆರವು.

ಕರಗಿಸುವುದು ಎರಡು ಹಂತ. ಮೊದಲು ಫ್ರಿಜ್ಜಿನಲ್ಲಿ ಒಂದೆರಡು ಗಂಟೆ. ಆಮೇಲೆ ಜಿಪ್ ಚೀಲದಲ್ಲಿ ಹಾಕಿ 40 ಡಿಗ್ರಿಯ ನೀರಿನಲ್ಲಿ ಐದರಿಂದ ಹತ್ತು ನಿಮಿಷ. ಮೈಕ್ರೋವೇವ್ ಬೇಡವೇ ಬೇಡ. ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಬೆಂದು, ಹೊಟ್ಟೆ ಒಡೆಯುತ್ತದೆ. ಎರಡು ಬೆರಳ ನಡುವೆ ಒತ್ತಿ ನೋಡಿ. ನಡುವಿನಲ್ಲಿ ಗಟ್ಟಿ ಅಥವಾ ತಣ್ಣನೆಯ ಗಂಟು ಇರಬಾರದು. ಒರೆಸಿ, ಕತ್ತರಿಸಿದ ಕಡೆಗೆ ಸರೀಸೃಪಗಳಿಗೆಂದೇ ಮಾರುವ ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾಗಳ) ಪುಡಿ ಒಂದು ಚಿಟಿಕೆಯ ಅರ್ಧದಷ್ಟು ತಾಗಿಸಿದೆವು. ಹೆಚ್ಚು ಹಚ್ಚಿದರೆ ವಾಸನೆ ಬದಲಾಗಿ ಮರಿ ಮೂತಿ ತಿರುಗಿಸಬಹುದು. ನಮ್ಮಲ್ಲಿ ಇದೆಯಲ್ಲ ಎಂದು ಮೊಸರನ್ನು ಹಚ್ಚಬೇಡಿ. ಹಾಲಿನ ಸಕ್ಕರೆ ಹಾವಿನ ಕರುಳಿಗೆ ಸೇರಿದ್ದಲ್ಲ.

ಸಂಜೆ, ದೀಪ ತಗ್ಗಿಸಿ, ಉದ್ದ ಇಕ್ಕಳದಲ್ಲಿ ತುತ್ತನ್ನು ಬಿಸಿ ಗೂಡಿನ ಬಾಯಿಗೆ ಹಿಡಿದೆವು. ನಾಲಿಗೆ ನಾಲ್ಕೈದು ಸಲ ಬಂತು, ನಿಂತಿತು, ಇದ್ದಕ್ಕಿದ್ದಂತೆ ಹಿಡಿದು ಒಂದು ಸುರುಳಿ ಸುತ್ತಿತು. ಸತ್ತ ಇಲಿಗೆ ಸುರುಳಿ ಯಾಕೆ ಎಂದು ಅದಕ್ಕೆ ಹೇಳುವವರಾರು! ನುಂಗಿ ಮುಗಿಸಿ ದವಡೆ ಸರಿಪಡಿಸಿಕೊಳ್ಳಲು ಎರಡು ಸಲ ಬಾಯಿ ಅಗಲಿಸಿತು. ಮುಚ್ಚಳ ಹಾಕಿ, ಮೇಲೆ ಬಟ್ಟೆ ಮುಚ್ಚಿದೆವು. ತಿನ್ನದೇ ಹೋಗಿದ್ದರೆ ಮೂರು ನಾಲ್ಕು ಗಂಟೆ ಬಿಟ್ಟು ತೆಗೆದು ಎಸೆದು, ನಾಲ್ಕು ದಿನ ಸುಮ್ಮನಿರಬೇಕಿತ್ತು. ಬಾಯಿ ಬಿಡಿಸಿ ತುರುಕುವುದು ಮಾತ್ರ ಯಾವ ಕಾರಣಕ್ಕೂ ಕೂಡದು. ಸುಟ್ಟ ಅನ್ನನಾಳದ ಮೇಲೆ ಅದು ಇನ್ನೊಂದು ಗಾಯ, ಹೆದರಿಕೆಯಿಂದಲೇ ಮರಿ ಮತ್ತೆ ಕಕ್ಕುತ್ತದೆ.

ಮುಂದಿನ ಏಳು ದಿನ ತೂಗುವುದಿಲ್ಲ, ಗೂಡು ಎತ್ತಿ ನೋಡುವುದಿಲ್ಲ, ಡಬ್ಬಿ ಸರಿಸುವುದಿಲ್ಲ. ನೀರು ತುಂಬಿಸುವುದು ಒಂದೇ. ಕಕ್ಕುವುದಿದ್ದರೆ ಹೆಚ್ಚಾಗಿ ಎರಡರಿಂದ ಐದನೆಯ ದಿನದೊಳಗೆ. ಮೂರನೆಯ ರಾತ್ರಿ ದಾಟುವುದು ಬಹಳ ಕಷ್ಟ. ಬೆಳಿಗ್ಗೆ ಎದ್ದು ಡಬ್ಬಿಯ ಬಳಿ ಹೋಗಿ ಮೊದಲು ಮೂಗಿನಿಂದ ಪರೀಕ್ಷೆ ಮಾಡುವುದು ಅಭ್ಯಾಸವೇ ಆಗಿಬಿಡುತ್ತದೆ.

ಐದನೆಯ ದಿನ ಪೇಪರ್ ಟವೆಲಿನ ಮೇಲೆ, ಬೆರಳ ಉಗುರಿನಷ್ಟು ಜಾಗದಲ್ಲಿ, ಕಪ್ಪುಗಂದು ಬಣ್ಣದ ಗಟ್ಟಿಯಾದ ಪುಟ್ಟ ಉಂಡೆ, ಅದರ ತುದಿಗೆ ಸುಣ್ಣದಂತೆ ಬಿಳಿಯಾದ ಯೂರೇಟ್, ಅಂದರೆ ಹಾವಿನ ಗಟ್ಟಿ ಮೂತ್ರ. ಲೋಳೆ ಇಲ್ಲ, ರಕ್ತ ಇಲ್ಲ, ಹಸಿರು ಬಣ್ಣ ಇಲ್ಲ, ಅರಗದ ಚರ್ಮದ ತುಂಡಿಲ್ಲ. ಹಾವು ಸಾಕದವರಿಗೆ ಇದರಲ್ಲಿ ಸಂತೋಷಪಡಲು ಏನಿದೆ ಎನ್ನಿಸಬಹುದು. ಹೊಟ್ಟೆಯಿಂದ ಕರುಳಿನ ತುದಿಯವರೆಗೆ ಇಡೀ ದಾರಿ ತೆರೆದಿದೆ ಎಂಬುದಕ್ಕೆ ಅದೊಂದೇ ಸಾಕ್ಷಿ. ಅದನ್ನೂ ವೈದ್ಯರಿಗೆ ಮಾದರಿಯಾಗಿ ಕೊಟ್ಟೆವು.

ಇಲ್ಲಿ ಅವಸರಪಡುವ ಆಸೆ ಮತ್ತೆ ಬರುತ್ತದೆ. ಒಂದು ಸಲ ಅರಗಿತಲ್ಲ, ಇನ್ನು ಪೂರ್ತಿ ಪಿಂಕಿ ಕೊಡೋಣ, ವಾರಕ್ಕೊಮ್ಮೆ ಕೊಡೋಣ ಎಂದು. ಕೊಡಲಿಲ್ಲ. 24ನೆಯ ದಿನ ಎರಡನೆಯ ತುತ್ತು, ಅದೂ ಅರ್ಧವೇ, 0.7 ಗ್ರಾಂ. 34ನೆಯ ದಿನ ಮೊದಲ ಬಾರಿಗೆ ಇಡೀ ಪಿಂಕಿ, ಸಿಕ್ಕಿದ್ದರಲ್ಲಿ ಅತಿ ಚಿಕ್ಕದು, 1.2 ಗ್ರಾಂ, ಬೆನ್ನಿಗೆ ಗೀರು ಹಾಕಿದ್ದು. 44ನೆಯ ದಿನ 1.3. ಹತ್ತು ದಿನದ ಅಂತರ ಮೂರು ಸಲ ಸರಿಯಾಗಿ ನಡೆದ ಮೇಲೆ ಎಂಟು ದಿನಕ್ಕೆ ಇಳಿಸಿದೆವು: 52ಕ್ಕೆ 1.5, 60ಕ್ಕೆ 1.6. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಗಾತ್ರ ಏರಿಸಿದ ಸಲ ಅಂತರ ಹಾಗೇ ಇರಲಿ, ಅಂತರ ತಗ್ಗಿಸಿದ ಸಲ ಗಾತ್ರ ಹೆಚ್ಚುಕಡಿಮೆ ಅಷ್ಟೇ ಇರಲಿ. ಎರಡನ್ನೂ ಒಟ್ಟಿಗೆ ಬದಲಿಸಿ ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತೆಂದು ಗೊತ್ತಾಗುವುದಿಲ್ಲ. ಎರಡು ಪಿಂಕಿ ಒಟ್ಟಿಗೆ ಕೊಡುವುದೂ ಬೇಡ. ಪ್ರೋಬಯಾಟಿಕ್ ಪುಡಿಯನ್ನು ಮೊದಲ ಐದು ತುತ್ತಿಗೆ ಹಚ್ಚಿ ಆಮೇಲೆ ನಿಲ್ಲಿಸಿದೆವು.

ನಡುವೆ, 40ನೆಯ ದಿನದ ಹೊತ್ತಿಗೆ, ಕಣ್ಣು ನೀಲಿಗಟ್ಟಿ ಮೈ ಮಂಕಾಯಿತು. ಪೊರೆ ಬಿಡುವ ಸಮಯ. ಕೆಲವು ಹಾವುಗಳು ಈ ದಿನಗಳಲ್ಲಿ ತಿನ್ನುವುದಿಲ್ಲ, ತಿಂದರೂ ಕಕ್ಕುವ ಸಾಧ್ಯತೆ ಹೆಚ್ಚು. 43ಕ್ಕೆ ಒದ್ದೆ ಪಾಚಿಯ ಡಬ್ಬಿಯೊಳಗೆ ಪೊರೆ ಒಂದೇ ತುಂಡಾಗಿ, ಕಣ್ಣಿನ ಮುಚ್ಚಳಗಳ ಸಮೇತ ಬಂದದ್ದರಿಂದ ಮರುದಿನದ ಊಟ ತಪ್ಪಲಿಲ್ಲ. ಪೊರೆ ತಡವಾಗಿದ್ದರೆ ಊಟವನ್ನೂ ಅಷ್ಟು ದಿನ ಮುಂದೂಡಬೇಕಿತ್ತು. ಪೊರೆ ತುಂಡು ತುಂಡಾಗಿ ಬಂದರೆ ನೀರಿನಂಶ ಇನ್ನೂ ಸಾಲದು ಎಂದರ್ಥ.

67ನೆಯ ದಿನ ತೂಕ 13.4. ಹತ್ತು ದಿನದಲ್ಲಿ ಹೋದದ್ದು ಮರಳಿ ಬರಲು ಒಂಬತ್ತೂವರೆ ವಾರ ಹಿಡಿಯಿತು.

ಈ ಹಾದಿಯಲ್ಲಿ ಎಲ್ಲಿ ನಿಂತು ವೈದ್ಯರ ಬಳಿ ಓಡಬೇಕು ಎಂಬುದು ಮೊದಲೇ ಮನಸ್ಸಿನಲ್ಲಿರಲಿ. ಬಿಸಿ, ಗಾತ್ರ, ಅಂತರ ಮೂರೂ ಸರಿಯಿದ್ದು ಅರ್ಧ ಪಿಂಕಿಯನ್ನೂ ಕಕ್ಕಿದರೆ, ಮೈತೂಕ ನೂರಕ್ಕೆ ಹದಿನೈದು ಪಾಲು ಇಳಿದರೆ, ಖಾಲಿ ಹೊಟ್ಟೆಯಲ್ಲೂ ನಡುಮೈ ಉಬ್ಬಿದ್ದರೆ, ರಕ್ತ ಕಂಡರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ ಅಥವಾ ಮೂಗಲ್ಲಿ ಗುಳ್ಳೆ ಬಂದರೆ ಕಾಯಬೇಡಿ. ಕಕ್ಕುವಾಗ ಒಂದಿಷ್ಟು ಶ್ವಾಸನಾಳಕ್ಕೆ ಹೋಗಿ ಪುಪ್ಪುಸದ ಸೋಂಕಾಗುವುದೂ ಉಂಟು. ನಾಯಿ-ಬೆಕ್ಕು ಮಾತ್ರ ನೋಡುವ ವೈದ್ಯರಿಗೆ ಇದು ತಿಳಿಯದಿದ್ದರೆ ಅವರದು ತಪ್ಪಲ್ಲ. ಸರೀಸೃಪ ನೋಡುವವರ ವಿಳಾಸವನ್ನು ಹಾವು ತರುವ ಮೊದಲೇ ಬರೆದಿಟ್ಟುಕೊಂಡಿರಬೇಕು.

ಕೈ ತೊಳೆಯುವ ವಿಷಯ ಎಷ್ಟು ಹೇಳಿದರೂ ಕಡಿಮೆ. ಹಾವು ಆರೋಗ್ಯವಾಗಿದ್ದರೂ ಮನುಷ್ಯರಿಗೆ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇಟ್ಟುಕೊಂಡಿರಬಹುದು. ಐದು ವರ್ಷದ ಕೆಳಗಿನ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಕಕ್ಕಿದ್ದನ್ನೂ ಡಬ್ಬಿಯನ್ನೂ ಮುಟ್ಟಬಾರದು, ಬಟ್ಟಲನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು. ಇನ್ನೊಂದು, ಕರ್ನಾಟಕದಲ್ಲಿರುವವರಿಗೆ: ತೋಟದಲ್ಲಿ ಸಿಕ್ಕ ಕೆರೆಹಾವಿನ ಮರಿಯ ಮೇಲೆ ಇದನ್ನೆಲ್ಲ ಮಾಡಿನೋಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಹಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಗಾಯಗೊಂಡದ್ದು ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಅಮೆರಿಕದಲ್ಲೂ ಎಲ್ಲ ಕಡೆ ಒಂದೇ ನಿಯಮವಿಲ್ಲ. ಹವಾಯಿಯಲ್ಲಿ ಯಾವ ಹಾವನ್ನೂ ಸಾಕುವಂತಿಲ್ಲ. ಕಾರ್ನ್ ಸ್ನೇಕಿನ ತವರಾದ ಜಾರ್ಜಿಯಾದಲ್ಲಿ ಅಲ್ಲಿಯದೇ ವಿಷವಿಲ್ಲದ ಹಾವುಗಳನ್ನು ಸಾಕಲು ಬಿಡುವುದಿಲ್ಲ.

67ನೆಯ ದಿನದಿಂದ ಏಳು ದಿನಕ್ಕೊಮ್ಮೆ 1.8 ಗ್ರಾಂ ಪಿಂಕಿ, ಗೀರು ಇಲ್ಲದೆ. 90ನೆಯ ದಿನ ಪೇಪರ್ ಟವೆಲ್ ತೆಗೆದು ಮತ್ತೆ ಆಸ್ಪೆನ್ ಹಾಸಿದೆವು, ಈ ಸಲ ಬಿಸಿಯ ಕಡೆ ಒಂದು ಸೆಂಟಿಮೀಟರ್ ಮಾತ್ರ, ಒಳಗಿನ ಪ್ರೋಬ್ ನೋಡಿಕೊಂಡು. ಕೈಗೆತ್ತಿಕೊಳ್ಳುವುದು ತಿಂದ ಐದನೆಯ ದಿನದ ನಂತರ, ಐದು ನಿಮಿಷ. ಫಜ್ಜಿಯ ಪೊಟ್ಟಣ ಫ್ರೀಜರಿನ ಅಡಿಯಲ್ಲೇ ಇದೆ. ತಕ್ಕಡಿ 24 ಗ್ರಾಂ ತೋರಿಸುವ ತನಕ ಅದನ್ನು ಬಿಚ್ಚುವುದಿಲ್ಲ.